ಅಪ್ಲೈಡ್ ಫಿಸಿಕ್ಸ್ ಪದವಿ ಎಂದರೇನು, ಅದಕ್ಕೆ ಏನೇನು ಓದಬೇಕು?

ಅಪ್ಲೈಡ್ ಫಿಸಿಕ್ಸ್ ಎಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಇಂಜಿನಿಯರಿಂಗ್ ಮೊದಲ ವರ್ಷದ ಒಂದು ಪೇಪರ್. ವಿಟಿಯುನ 2022ರ ಸ್ಕೀಮ್‌ನಲ್ಲಿ ಈ ಹೆಸರಿನ ಪೇಪರ್ ಇದೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಥರ, ಮೆಕ್ಯಾನಿಕಲ್‌ನವರಿಗೆ ಇನ್ನೊಂದು ಥರ. ಒಂದು ಸೆಮಿಸ್ಟರ್ ಓದಿ ಪಾಸಾದರೆ ಅಲ್ಲಿಗೆ ಮುಗಿಯಿತು.

ಆದರೆ ಇದೇ ಹೆಸರಿನಲ್ಲಿ ಇಡೀ ಪದವಿಯೇ ಇದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ನಾಲ್ಕು ವರ್ಷ ಇದನ್ನು ಓದುತ್ತಾರೆ. ಬಾಂಬೆ, ದೆಹಲಿ, ಮದ್ರಾಸ್ ಐಐಟಿಗಳ ಇಂಜಿನಿಯರಿಂಗ್ ಫಿಸಿಕ್ಸ್ ಬಿ.ಟೆಕ್. ಇದಕ್ಕೆ ತೀರಾ ಹತ್ತಿರದ ಕೋರ್ಸ್.

ಹಾಗಾದರೆ ಈ ಪದವಿಯಲ್ಲಿ ಇರುವುದೇನು? ಪಾವಗಡದ ಸೋಲಾರ್ ಪಾರ್ಕ್ ಇಟ್ಟುಕೊಂಡು ನೋಡೋಣ. ಅದು 2050 ಮೆಗಾವ್ಯಾಟ್ ಸಾಮರ್ಥ್ಯದ್ದು. ಅಲ್ಲಿಯ ಕರೆಂಟನ್ನು ಗ್ರಿಡ್‌ಗೆ ಸೇರಿಸುವುದು ಎಲೆಕ್ಟ್ರಿಕಲ್ ಇಂಜಿನಿಯರ್ ಕೆಲಸ. ಸಿಲಿಕಾನ್ ಒಳಗೆ ಎಲೆಕ್ಟ್ರಾನ್‌ಗಳು ಇಂಥದೇ ಶಕ್ತಿಯ ಮಟ್ಟದಲ್ಲಿ ಯಾಕೆ ಇರುತ್ತವೆ, ನಡುವೆ ಒಂದು ಅಂತರ ಯಾಕೆ ಬಿಟ್ಟಿರುತ್ತದೆ ಎಂದು ಕೇಳುವುದು ಶುದ್ಧ ಭೌತಶಾಸ್ತ್ರ. ಆ ಅಂತರ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಅಳತೆ). ಸರಿ, ಇಷ್ಟು ಅಂತರವಿರುವ ವಸ್ತುವಿನಿಂದ ಬಿಸಿಲಿನ ಎಷ್ಟು ಪಾಲನ್ನು ಕರೆಂಟ್ ಮಾಡಬಹುದು? ಈ ಪ್ರಶ್ನೆಯಿಂದ ಅಪ್ಲೈಡ್ ಫಿಸಿಕ್ಸ್ ಶುರುವಾಗುತ್ತದೆ. 1961ರಲ್ಲಿ ಭೌತವಿಜ್ಞಾನಿಗಳಾದ ಶಾಕ್ಲಿ ಮತ್ತು ಕ್ವೈಸರ್ ಇದರ ಲೆಕ್ಕ ಹಾಕಿದರು. ಅವರ ಲೆಕ್ಕದ ದಾರಿ ಹಿಡಿದರೆ, ಒಂದೇ ಪದರದ ಸಿಲಿಕಾನ್ ಸೆಲ್ ಎಷ್ಟೇ ಚೆನ್ನಾಗಿ ಮಾಡಿದರೂ ಬಿಸಿಲಿನ ಶಕ್ತಿಯ ಸುಮಾರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡಲಾರದು. ಆ ಅಂತರಕ್ಕಿಂತ ಕಮ್ಮಿ ಶಕ್ತಿಯ ಬೆಳಕು ಸುಮ್ನೆ ದಾಟಿಹೋಗುತ್ತದೆ. ಜಾಸ್ತಿ ಶಕ್ತಿಯ ಬೆಳಕಿನಲ್ಲಿ ಮಿಕ್ಕಿದ್ದು ಶಾಖವಾಗಿ ಹೋಗುತ್ತದೆ.

ಈ ಒಂದು ಲೆಕ್ಕ ಅರ್ಥವಾಗಬೇಕಾದರೆ ಏನೇನು ಗೊತ್ತಿರಬೇಕು ನೋಡಿ. ಶಕ್ತಿಯ ಅಂತರಕ್ಕೆ ಕ್ವಾಂಟಮ್ ಮೆಕ್ಯಾನಿಕ್ಸ್ (ಎಲೆಕ್ಟ್ರಾನ್‌ನಂಥ ಅತಿ ಸಣ್ಣ ಕಣಗಳ ನಿಯಮಗಳು) ಬೇಕು, ಅದರ ಮೇಲೆ ಘನವಸ್ತುಗಳ ಭೌತಶಾಸ್ತ್ರ ಬೇಕು. ಬೆಳಕಿಗೆ ವಿದ್ಯುತ್ಕಾಂತತೆ. ಪ್ಯಾನೆಲ್ ಬಿಸಿಯಾದಂತೆ ಅದರ ವೋಲ್ಟೇಜ್ ಇಳಿಯುತ್ತದೆ, ಅದು ಯಾಕೆಂದು ತಿಳಿಯಲು ಉಷ್ಣಶಾಸ್ತ್ರ ಮತ್ತು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಅಂದರೆ ಅಸಂಖ್ಯ ಕಣಗಳ ಒಟ್ಟು ವರ್ತನೆಯ ಲೆಕ್ಕ. ಇನ್ನು ಕ್ವಾಂಟಮ್ ಕಲಿಯಬೇಕೆಂದರೆ ಡಿಫರೆನ್ಷಿಯಲ್ ಈಕ್ವೇಷನ್ ಮತ್ತು ಲೀನಿಯರ್ ಆಲ್ಜೀಬ್ರಾ ಬರಬೇಕು. ಅವೆರಡಕ್ಕೂ ಮೊದಲು ಕ್ಯಾಲ್ಕುಲಸ್ ಕೈಗೆ ಹತ್ತಿರಬೇಕು. ಪದವಿಯ ಪಠ್ಯಕ್ರಮದಲ್ಲಿ ಕಡ್ಡಾಯ ಎಂದು ಬರೆದಿರುವ ವಿಷಯಗಳು ಹೆಚ್ಚು ಕಮ್ಮಿ ಇವೇ.

ಇಲ್ಲಿ ನಿಜವಾಗಿ ಕಷ್ಟ ಕೊಡುವುದು ಈ ಸರಪಳಿ, ಒಟ್ಟು ಕ್ರೆಡಿಟ್ ಅಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ವರ್ಷದ ಗಣಿತ ಬಾಕಿ ಉಳಿದರೆ ಎರಡನೇ ವರ್ಷದ ಕ್ವಾಂಟಮ್ ತಲೆಗೆ ಹೋಗುವುದಿಲ್ಲ. ಅದು ಹೋಗದಿದ್ದರೆ ಮೂರನೇ ವರ್ಷದ, ಸಿಲಿಕಾನ್‌ನಂಥ ಸೆಮಿಕಂಡಕ್ಟರ್‌ಗಳ ಪಾಠ ಬರೀ ಬಾಯಿಪಾಠವಾಗುತ್ತದೆ. ಡೆಲ್ಫ್ಟ್‌ನಲ್ಲಂತೂ ಮೊದಲ ವರ್ಷದ 60 ಕ್ರೆಡಿಟ್‌ಗಳಲ್ಲಿ 45 ಆದರೂ ಬರದಿದ್ದರೆ ಸಾಮಾನ್ಯವಾಗಿ ಆ ಕೋರ್ಸ್ ಬಿಡಬೇಕಾಗುತ್ತದೆ.

ಕ್ರೆಡಿಟ್ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಒಂದೊಂದು ಕಡೆ ಒಂದೊಂದು ಅಳತೆ. ಕ್ಯಾಲ್ಟೆಕ್‌ನಲ್ಲಿ 486 ಯೂನಿಟ್ ಬೇಕು. ಅಲ್ಲಿ ಕ್ಲಾಸು, ಲ್ಯಾಬು, ಮನೆಯ ಓದು ಎಲ್ಲ ಸೇರಿ ವಾರಕ್ಕೆ ಒಂದು ಗಂಟೆಯ ಕೆಲಸಕ್ಕೆ ಒಂದು ಯೂನಿಟ್. ಡೆಲ್ಫ್ಟ್‌ನಲ್ಲಿ 180, ಒಂದಕ್ಕೆ 28 ಗಂಟೆ, ಅದರಲ್ಲೂ ಮನೆಯ ಓದು ಸೇರಿದೆ. ನಮ್ಮ ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ ಕನಿಷ್ಠ 120, ನಾಲ್ಕಕ್ಕೆ 160. ನಾವು ಒಂದು ಕ್ರೆಡಿಟ್‌ಗೆ ಲೆಕ್ಕ ಹಿಡಿಯುವುದು ಸೆಮಿಸ್ಟರ್‌ನ 15 ಗಂಟೆ ಪಾಠ ಅಥವಾ 30 ಗಂಟೆ ಲ್ಯಾಬ್. ಮನೆಯಲ್ಲಿ ಕೂತು ಓದಿದ್ದು ಈ ಲೆಕ್ಕಕ್ಕೇ ಬರುವುದಿಲ್ಲ.

ಕಡ್ಡಾಯ ವಿಷಯಗಳ ಆಚೆಗೆ ಇನ್ನೆರಡು ಸಂಗತಿ ಇವೆ. ಒಂದು, ಲ್ಯಾಬ್. ಸೋಲಾರ್ ಸೆಲ್‌ನ ಕರೆಂಟ್, ವೋಲ್ಟೇಜ್ ಅಳೆದು ಗ್ರಾಫ್ ಹಾಕಿದರೆ ಸಾಲದು. ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಎಂದೂ ಲೆಕ್ಕ ಹಾಕಿ ಹೇಳಬೇಕು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ರೆಕಾರ್ಡ್ ಬುಕ್‌ಗೆ ಇಳಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ಒಂದು ದಿಕ್ಕು ಆರಿಸಿಕೊಳ್ಳುವುದು: ಲೇಸರ್ ಮತ್ತು ಆಪ್ಟಿಕ್ಸ್, ಸೆಮಿಕಂಡಕ್ಟರ್, ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುದಾವೇಶದ ಕಣಗಳಿರುವ ಅನಿಲ), ವೈದ್ಯಕೀಯ ಉಪಕರಣ, ಹೀಗೆ. ಕೊನೆಗೆ ಬಹಳ ಕಡೆ ಒಂದು ಪ್ರಾಜೆಕ್ಟ್ ಇರುತ್ತದೆ.

ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ಸಾಕು, ಜೀವಶಾಸ್ತ್ರ ಬೇಕಿಲ್ಲ. ಐಐಟಿಗೆ ಜೆಇಇ ಅಡ್ವಾನ್ಸ್ಡ್ ದಾಟಬೇಕು. ಬೆಂಗಳೂರಿನ ಐಐಎಸ್‌ಸಿ 2011ರಲ್ಲಿ ಶುರು ಮಾಡಿದ ನಾಲ್ಕು ವರ್ಷದ ಪದವಿಯಲ್ಲೂ ಭೌತಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದು.

ಇವೆರಡೂ ಸಿಗದವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಬಹಳ ಕಾಲದಿಂದ ಇರುವ ಪಿಎಂಇ, ಅಂದರೆ ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಸೇರಿದ ಬಿ.ಎಸ್ಸಿ., ಈ ಪದವಿಯ ತಿರುಳಿಗೆ ಬಹಳ ಹತ್ತಿರ. ಆ ಕಾಂಬಿನೇಷನ್‌ಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂಬ ಬೇಸರ ನನಗಿದೆ. ಅದನ್ನು ಓದುವವರು ಪ್ರೋಗ್ರಾಮಿಂಗ್ ಕಲಿತು, ರಜೆಯಲ್ಲಿ ಯಾವುದಾದರೂ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಮಾಡಿದರೆ ಕೊರತೆ ಬಹಳಷ್ಟು ತುಂಬುತ್ತದೆ. ಮುಂದೆ ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ ಪರೀಕ್ಷೆ ಬರೆಯಬಹುದು. ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಮಾತ್ರ ಒಂದನ್ನು ಮೊದಲೇ ವಿಚಾರಿಸಿಕೊಳ್ಳಿ. ಕರ್ನಾಟಕ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮುಂದಿನ ಓದಿಗೆ ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ. ಅಂಥವರು ಇಲ್ಲೇ ಎಂ.ಎಸ್ಸಿ. ಮುಗಿಸಿ ಅರ್ಜಿ ಹಾಕುವುದು ವಾಡಿಕೆ.