ಹಾವಿಗೆ ಕೆಮ್ಮಲು ಬರುವುದಿಲ್ಲ

ಜುಲೈ ತಿಂಗಳ ಮಂಗಳೂರಿನಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಮನೆಯಲ್ಲಿ ಬಾಲ್ ಪೈಥಾನ್ ಸಾಕಿದವರಿಗೆ ಎರಡೂ ಚಿಂತೆಯೇ. ಆಫ್ರಿಕಾದ ಈ ಪುಟ್ಟ ಹೆಬ್ಬಾವಿಗೆ ಗೂಡಿನ ಒಂದು ಮೂಲೆಯಾದರೂ ಸುಮಾರು 32 ಡಿಗ್ರಿ ಬೆಚ್ಚಗಿರಬೇಕು. ಹೀಟಿಂಗ್ ಪ್ಯಾಡ್ ಆರಿ, ಹಾಸು ಒದ್ದೆಯಾಗಿಯೇ ಉಳಿದರೆ ಶ್ವಾಸಕೋಶಕ್ಕೆ ಸೋಂಕು ತಗಲುವ ಭಯ ಜಾಸ್ತಿ.

(ನಮ್ಮ ಕೇರೆ, ನಾಗರ, ಹೆಬ್ಬಾವುಗಳನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅಡ್ಡ ಇದೆ. ಬಾಲ್ ಪೈಥಾನ್ ಸಾಕುವವರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.)

ಹಾವಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಂದಲೇ ಅದರ ಉಸಿರಾಟ. ಹಾಗಾಗಿ ಜೋರಾಗಿ ಕೆಮ್ಮಿ ಕಫ ಹೊರಹಾಕಲು ಆಗದು. ಕಫ ಒಳಗೇ ಕಟ್ಟಿಕೊಳ್ಳುತ್ತದೆ. ಬಾಯಿ ತೆರೆದು ಉಸಿರಾಡುವುದು, ತಲೆಯನ್ನು ಮೇಲೆತ್ತಿಯೇ ಇಡುವುದು, ಮೂಗಿನಲ್ಲಿ ಗುಳ್ಳೆ ಬರುವುದು, ಇವೆಲ್ಲ ಕಾಣುವಷ್ಟರಲ್ಲಿ ರೋಗ ಸಾಕಷ್ಟು ಮುಂದುವರಿದಿರುತ್ತದೆ. ಊಟ ಬಿಟ್ಟಿತೆಂದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು, ಆರೋಗ್ಯವಾಗಿರುವ ಬಾಲ್ ಪೈಥಾನ್ ಕೂಡ ತಿಂಗಳುಗಟ್ಟಲೆ ತಿನ್ನದೆ ಇರಬಲ್ಲದು. ಆದರೆ ತೂಕ ಇಳಿಯುತ್ತಾ ಹೋದರೆ ಸುಮ್ನೆ ಕೂರಬೇಡಿ. ಸರೀಸೃಪಗಳನ್ನು ನೋಡಿ ಗೊತ್ತಿರುವ ಪಶುವೈದ್ಯರ ಬಳಿಗೇ ಒಯ್ಯಿರಿ.

ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೈಯ ಮುಂಭಾಗಕ್ಕೇ ಕೊಡುತ್ತಾರೆ. ಹಿಂಭಾಗದ ರಕ್ತ ಹೃದಯಕ್ಕೆ ಮರಳುವ ಮೊದಲು ಮೂತ್ರಪಿಂಡಗಳ ಮೂಲಕ ಹಾದುಬರಬಹುದು. ಆಗ ಔಷಧ ಅಲ್ಲೇ ಸೋರಿಹೋಗಬಹುದು, ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಸೆಫ್ಟಾಜಿಡೈಮ್‌ನಂಥ ಆಂಟಿಬಯೋಟಿಕ್ ಹಾವಿನ ಮೈಯಲ್ಲಿ ನಿಧಾನವಾಗಿ ಕರಗುವುದರಿಂದ ಅದನ್ನು 72 ಗಂಟೆಗೊಮ್ಮೆ ಕೊಡುವುದುಂಟು. ಬೇಗ ವಾಸಿಯಾಗಲೆಂದು ನಡುವೆ ಇನ್ನೊಂದು ಡೋಸ್ ಹಾಕಬಾರದು. ವೈರಸ್ ಸೋಂಕಾದರೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಹೆಬ್ಬಾವುಗಳ ಶ್ವಾಸಕೋಶ ಕೆಡಿಸುವ ನಿಡೋವೈರಸ್ ಪತ್ತೆಯಾದದ್ದೇ 2014ರಲ್ಲಿ.

ಔಷಧದಷ್ಟೇ ಮುಖ್ಯವಾದದ್ದು ಬಿಸಿ. ಹಾವಿನ ರೋಗನಿರೋಧಕ ಶಕ್ತಿ ಅದರ ಮೈಬಿಸಿಯ ಮೇಲೆ ನಿಂತಿದೆ. ತಣ್ಣಗಿನ ಗೂಡಿನಲ್ಲಿ ಒಳ್ಳೆಯ ಔಷಧವೂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಕರೆಂಟ್ ಹೋದರೂ ಗೂಡು ಬೆಚ್ಚಗಿರುವ ಏರ್ಪಾಡು ಬೇಕು. ಬಲವಂತವಾಗಿ ತಿನ್ನಿಸಬಾರದು, ಜೀರ್ಣಿಸಿಕೊಳ್ಳಲೂ ಶಕ್ತಿ ಬೇಕಲ್ವಾ?

ಕಾಯುವ ದಿನಗಳು ಕಷ್ಟ. "ಹಾವಿಗೆ ಇಷ್ಟೆಲ್ಲಾ ಯಾಕೆ?" ಎನ್ನುವವರಿರುತ್ತಾರೆ. ನಾಗಬನದ ಮುಂದೆ ಕೈಮುಗಿಯುವ ಊರಿನಲ್ಲಿ ಈ ಪ್ರಶ್ನೆ ನನಗೆ ನೋವು ಕೊಡುತ್ತದೆ. ನಾಯಿಗೆ ಮರುಗುವವರಷ್ಟೇ ಹಾವು ಸಾಕಿದವರೂ ಮರುಗುತ್ತಾರೆ.

ಗುಣವಾಗುವ ಆಸೆಯೇ ಉಳಿಯದಿದ್ದರೆ ದಯಾಮರಣವನ್ನೂ ವೈದ್ಯರೇ ಮಾಡಬೇಕು. ಮನೆಯ ಫ್ರೀಜರ್‌ನಲ್ಲಿಟ್ಟರೆ ನೋವಿಲ್ಲದೆ ಹೋಗುತ್ತದೆ ಎನ್ನುವುದು ಸುಳ್ಳು. ಹಾವಿನ ಹೃದಯ ಬಡಿತ ಕೈಗೆ ಸಿಗದಷ್ಟು ಕ್ಷೀಣವಾಗಿರಬಹುದು, ನಿಂತಿತೋ ಇಲ್ಲವೋ ಎಂದು ವೈದ್ಯರು ಡಾಪ್ಲರ್ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಉಪಕರಣ) ಹಿಡಿದು ಕೇಳುತ್ತಾರೆ.