ಸ್ವಯಂಜೋಡಣೆಯ ಹೈಡ್ರೋಜೆಲ್

ಮೈಸೂರಿನ ದೇವರಾಜ ಮಾರುಕಟ್ಟೆಯ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ, ಸ್ವಲ್ಪ ಹೊತ್ತಿನಲ್ಲೇ ಪ್ರತಿ ಬೀಜದ ಸುತ್ತಲೂ ಪಾರದರ್ಶಕವಾದ ಲೋಳೆ ಕಟ್ಟಿಕೊಳ್ಳುತ್ತದೆ. ಆ ಲೋಳೆಯಲ್ಲಿ ಬಹುಪಾಲು ನೀರೇ ಇದ್ದರೂ ಅದು ಹರಿದುಹೋಗುವುದಿಲ್ಲ; ಬೀಜದ ಸಿಪ್ಪೆಯಲ್ಲಿರುವ ಉದ್ದನೆಯ ಶರ್ಕರ ಸರಪಳಿಗಳು ಬಲೆಯಾಗಿ ಹಬ್ಬಿ ಅದನ್ನು ಹಿಡಿದಿಟ್ಟಿರುತ್ತವೆ. ಹೀಗೆ ಅಣುಗಳ ಬಲೆಯೊಂದು ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ತುಂಬಿಕೊಂಡು ನಿಂತ ಮೆದು ಪದಾರ್ಥವೇ ಹೈಡ್ರೋಜೆಲ್. ಚೆಕ್ ರಸಾಯನವಿಜ್ಞಾನಿಗಳಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಅವರು ದೇಹದೊಳಗಿನ ಬಳಕೆಗೆ ತಕ್ಕ ಪಾಲಿಮರ್ ಜೆಲ್ ಒಂದನ್ನು 1960ರಲ್ಲಿ ಪ್ರಕಟಿಸಿದರು. ಮೆದು ಕಾಂಟ್ಯಾಕ್ಟ್ ಲೆನ್ಸ್ ಬಂದದ್ದು ಆ ಜೆಲ್‌ನಿಂದ.

ಆ ಲೆನ್ಸಿನ ಬಲೆಯನ್ನು ಸಹವೇಲೆನ್ಸಿಯ ಬಂಧಗಳು (ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಬೆಸೆಯುವ ಗಟ್ಟಿ ಬಂಧಗಳು) ಬಿಗಿದಿರುವುದರಿಂದ, ಒಮ್ಮೆ ರೂಪ ತಳೆದ ಮೇಲೆ ಅದನ್ನು ಬಿಚ್ಚಿ ಮತ್ತೆ ಕಟ್ಟಲಾಗದು. ಅಣುಗಳು ತಾವಾಗಿಯೇ ಕೂಡಿಕೊಳ್ಳುವ ಸ್ವಯಂಜೋಡಣೆಯ ಜೆಲ್‌ಗಳಲ್ಲಿ ಹಾಗಲ್ಲ. ಹೈಡ್ರೋಜನ್ ಬಂಧ, ವಿರುದ್ಧ ಆವೇಶಗಳ ಸೆಳೆತ, ನೀರಿಗೆ ಒಗ್ಗದ ಭಾಗಗಳು ಒಂದೆಡೆ ಸೇರುವ ಸ್ವಭಾವ ಇವಷ್ಟೇ ಅಲ್ಲಿ ಕೆಲಸ ಮಾಡುತ್ತವೆ. ಇವು ಒಂದೊಂದೂ ದುರ್ಬಲವಾದರೂ ಸಾವಿರಾರು ಕಡೆ ಒಟ್ಟಿಗೆ ಕೂಡಿದಾಗ ಎಳೆಗಳು ಮೂಡಿ, ಎಳೆಗಳು ಬಲೆಯಾಗುತ್ತವೆ. ಯಾವ ಅಣು ಎಲ್ಲಿ ಕೂರಬೇಕೆಂಬುದನ್ನು ಅದರ ರಚನೆಯೇ ನಿರ್ಧರಿಸುತ್ತದೆ. ಈ ಕ್ಷೇತ್ರದಲ್ಲಿ ವಿನ್ಯಾಸವೆಂದರೆ ಮುಖ್ಯವಾಗಿ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಅನುಕ್ರಮವನ್ನು ಆರಿಸುವ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಆರ್‌ಎಡಿಎ16 ಎಂಬ ಪೆಪ್ಟೈಡ್ (ಅಮೈನೋ ಆಮ್ಲಗಳ ಗಿಡ್ಡ ಸರಪಳಿ) ಇದಕ್ಕೆ ಅತ್ಯುತ್ತಮ ಉದಾಹರಣೆ. ಅಮೆರಿಕದ ಎಂಐಟಿಯ ಶುಗುವಾಂಗ್ ಝಾಂಗ್ ಅವರ ಸಂಶೋಧನೆಯಿಂದ ಬಂದ ಇದರಲ್ಲಿ ಅರ್ಜಿನೀನ್, ಅಲನೀನ್, ಆಸ್ಪಾರ್ಟಿಕ್ ಆಮ್ಲ, ಅಲನೀನ್ ಎಂಬ ಸರಣಿ ನಾಲ್ಕು ಸಲ ಬಂದು ಒಟ್ಟು 16 ಅಮೈನೋ ಆಮ್ಲಗಳಾಗುತ್ತವೆ. ಸರಪಳಿ ನೀಳವಾಗಿ ಚಾಚಿಕೊಂಡಾಗ ಒಂದು ಬಿಟ್ಟು ಒಂದರಂತೆ ಬರುವ ಅಲನೀನ್‌ಗಳೆಲ್ಲ ಒಂದೇ ಬದಿಗೆ ಬೀಳುತ್ತವೆ; ಇನ್ನೊಂದು ಬದಿಯಲ್ಲಿ ಅರ್ಜಿನೀನ್‌ನ ಧನಾವೇಶ ಮತ್ತು ಆಸ್ಪಾರ್ಟಿಕ್ ಆಮ್ಲದ ಋಣಾವೇಶಗಳು ಸರದಿಯಲ್ಲಿ ನಿಲ್ಲುತ್ತವೆ. ಪಕ್ಕಪಕ್ಕದ ಸರಪಳಿಗಳು ಹೈಡ್ರೋಜನ್ ಬಂಧದಿಂದ ಬೀಟಾ ಹಾಳೆಗಳಾಗಿ, ಎರಡು ಹಾಳೆಗಳು ಅಲನೀನ್ ಬದಿಯನ್ನು ಒಳಗಿಟ್ಟುಕೊಂಡು ಒಂದರ ಮೇಲೊಂದು ಕೂತು, ಸುಮಾರು 10 ನ್ಯಾನೋಮೀಟರ್ ದಪ್ಪದ ಎಳೆಗಳಾಗುತ್ತವೆ. ಆಮ್ಲೀಯ ದ್ರಾವಣದಲ್ಲಿ ಆಸ್ಪಾರ್ಟಿಕ್ ಆಮ್ಲ ತನ್ನ ಋಣಾವೇಶವನ್ನು ಕಳೆದುಕೊಂಡು ಧನಾವೇಶವಷ್ಟೇ ಉಳಿದಿರುವುದರಿಂದ ಎಳೆಗಳು ಪರಸ್ಪರ ದೂರ ಸರಿಯುತ್ತವೆ, ದ್ರವ ತೆಳುವಾಗಿಯೇ ಇರುತ್ತದೆ. ರಕ್ತ ತಾಗಿದೊಡನೆ ಅದರ ಲವಣ ಮತ್ತು ತಟಸ್ಥ ಪಿಎಚ್‌ನಿಂದಾಗಿ ಆ ವಿಕರ್ಷಣೆ ಅಡಗಿ ದ್ರವ ಜೆಲ್ ಆಗುತ್ತದೆ. ಎಂಡೋಸ್ಕೋಪಿಯ ವೇಳೆ ಕರುಳಿನ ಒಳಭಾಗದಲ್ಲಿ ಜಿನುಗುವ ರಕ್ತವನ್ನು ನಿಲ್ಲಿಸಲು ಈ ಗುಣವನ್ನು ಬಳಸಿಕೊಂಡ ಉತ್ಪನ್ನ ಚಿಕಿತ್ಸೆಯಲ್ಲಿದೆ; ಜೆಲ್ ಪಾರದರ್ಶಕವಾದ್ದರಿಂದ ಅದರಡಿಯ ಗಾಯವೂ ವೈದ್ಯರಿಗೆ ಕಾಣುತ್ತಿರುತ್ತದೆ.

ಒಂದೇ ಅಮೈನೋ ಆಮ್ಲ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ ಮ್ಯಾಕ್ಸ್1 ಮತ್ತು ಮ್ಯಾಕ್ಸ್8 ಎಂಬ ಪೆಪ್ಟೈಡ್ ಜೋಡಿಯನ್ನು ನೋಡಬೇಕು. ಡೆಲವೇರ್ ವಿಶ್ವವಿದ್ಯಾಲಯದ ಷ್ನೈಡರ್ ಮತ್ತು ಪೋಚನ್ ತಂಡ 2002ರಲ್ಲಿ ವರದಿ ಮಾಡಿದ ಮ್ಯಾಕ್ಸ್1ರಲ್ಲಿ ನೀರಿಗೆ ಒಗ್ಗದ ವ್ಯಾಲೀನ್ ಮತ್ತು ಧನಾವೇಶದ ಲೈಸೀನ್ ಸರದಿಯಲ್ಲಿ ಬರುತ್ತವೆ, ನಡುವೆ ಡಿ-ಪ್ರೋಲೀನ್ (ಪ್ರೋಲೀನ್ ಎಂಬ ಅಮೈನೋ ಆಮ್ಲದ ಕನ್ನಡಿ ಬಿಂಬದಂಥ ರೂಪ) ಇರುವ ತಿರುವೊಂದಿದೆ. (ಡಿ-ಪ್ರೋಲೀನ್‌ನಿಂದ ಇಂಥ ತಿರುವು ಮೂಡಿಸುವ ಬಗೆಯನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರ ತಂಡ 1990ರ ದಶಕದಲ್ಲೇ ಆಳವಾಗಿ ಅಧ್ಯಯನ ಮಾಡಿತ್ತು.) ದೇಹದ್ರವದಷ್ಟು ಲವಣ ಸಿಕ್ಕಾಗ ಮ್ಯಾಕ್ಸ್1 ಮಡಚಿಕೊಂಡು ಜೆಲ್ ಆಗುತ್ತದೆ, ಆದರೆ ನಿಧಾನವಾಗಿ, ಜೀವಕೋಶಗಳನ್ನು ಬೆರೆಸಿದ್ದರೆ ಅಷ್ಟರಲ್ಲಿ ಅವು ತಳಕ್ಕೆ ಇಳಿದಿರುತ್ತವೆ. ಒಂದು ಲೈಸೀನ್ ತೆಗೆದು ಅಲ್ಲಿ ಋಣಾವೇಶದ ಗ್ಲುಟಾಮಿಕ್ ಆಮ್ಲ ಇಟ್ಟಾಗ ನಿವ್ವಳ ಧನಾವೇಶ 9ರಿಂದ 7ಕ್ಕೆ ಇಳಿದು, ಜೆಲ್ ಬೇಗ ಕಟ್ಟಿ, ಕೋಶಗಳು ಎಲ್ಲೆಡೆ ಸಮನಾಗಿ ಉಳಿದವು. ಇದೇ ಮ್ಯಾಕ್ಸ್8. ಸಿರಿಂಜಿನ ಒತ್ತಡಕ್ಕೆ ಇದರ ಬಲೆ ಸಡಿಲಗೊಂಡು ಸೂಜಿಯ ಮೂಲಕ ಹರಿಯುತ್ತದೆ, ಒತ್ತಡ ತಪ್ಪಿದೊಡನೆ ಮತ್ತೆ ಕೂಡಿಕೊಳ್ಳುತ್ತದೆ.

ಪಾಲಿಮರ್‌ಗಳಲ್ಲೂ ಸ್ವಯಂಜೋಡಣೆ ಉಂಟು. ಪೊಲೊಕ್ಸಾಮರ್ 407ರ ಗಾಢ ದ್ರಾವಣ ಫ್ರಿಜ್ಜಿನ ತಂಪಿನಲ್ಲಿ ದ್ರವ, ಮೈ ಬಿಸಿಗೆ ಜೆಲ್. ಅಗ್ಗವಾದರೂ ಇದು ದೇಹದ್ರವದಲ್ಲಿ ಬೇಗ ಕರಗಿಹೋಗುತ್ತದೆ.

ಪೆಪ್ಟೈಡ್ ಜೆಲ್‌ಗಳ ದೊಡ್ಡ ಕೊರತೆ ಬಿಗಿತದ್ದು. ಮಿದುಳಿನಂಥ ಮೆದು ಅಂಗಾಂಶಕ್ಕೆ ಹೊಂದುವ ಈ ಜೆಲ್ ಮೊಣಕಾಲಿನ ಮೃದ್ವಸ್ಥಿಯ ಹೊರೆಯನ್ನು ಹೊರಲಾರದು. ಆದ್ದರಿಂದ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಪಾಲಿಮರ್‌ನ ಬಲೆಯೊಳಗೆ ಪೆಪ್ಟೈಡ್‌ಗಳನ್ನು ಸೇರಿಸುತ್ತಾರೆ: ಕೋಶ ಹಿಡಿದುಕೊಳ್ಳಲು ಅರ್ಜಿನೀನ್-ಗ್ಲೈಸೀನ್-ಆಸ್ಪಾರ್ಟಿಕ್ ಆಮ್ಲದ ತುಣುಕು, ಕೋಶ ತನ್ನ ಕಿಣ್ವದಿಂದ ಕತ್ತರಿಸಿ ದಾರಿ ಮಾಡಿಕೊಳ್ಳಲು ಮತ್ತೊಂದು.

ಮಾನಸಗಂಗೋತ್ರಿಯಲ್ಲಿ ಈ ವಿಷಯ ಹಿಡಿಯಬಯಸುವ ವಿದ್ಯಾರ್ಥಿಗಳಿಗೆ ಒಂದು ಮಾತು. ಸೀಸೆಯನ್ನು ಬೋರಲು ಹಾಕಿದಾಗ ಜೆಲ್ ಜಾರದಿದ್ದರೆ ಅದು ಆರಂಭದ ಪರೀಕ್ಷೆ ಮಾತ್ರ. ಪದಾರ್ಥದ ಹರಿವು-ಬಿಗಿತಗಳನ್ನು ಅಳೆಯುವ ಉಪಕರಣವಾದ ರಿಯೋಮೀಟರ್‌ನಲ್ಲಿ ಅದರ ಬಿಗಿತವನ್ನೂ, ಕದಡಿದ ಮೇಲೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದನ್ನೂ ಅಳೆಯಬೇಕು. ಪೆಪ್ಟೈಡ್ ತಯಾರಿಕೆಯಲ್ಲಿ ಬಳಸಿದ ಟ್ರೈಫ್ಲೋರೋಅಸಿಟಿಕ್ ಆಮ್ಲದ ಶೇಷವನ್ನು ಪೂರ್ತಿ ತೆಗೆಯದೆ ಕೋಶಗಳ ಮೇಲೆ ಪ್ರಯೋಗ ಮಾಡಿದರೆ, ಕೋಶ ಸತ್ತದ್ದು ಜೆಲ್‌ನಿಂದಲೋ ಆಮ್ಲದಿಂದಲೋ ಎಂದು ಹೇಳಲು ಆಗುವುದಿಲ್ಲ.