ಬಿಗಿ ಬೇರೆ, ಒತ್ತು ಬೇರೆ: ಮಾಡ್ಯುಲರ್ ಹೆಲ್ಮೆಟ್ ‘ಫಿಟ್’ ಆಗುವುದು ಅಂದರೆ

ಬೆಂಗಳೂರಿನ ಜೆ.ಸಿ. ರಸ್ತೆಯ ಹೆಲ್ಮೆಟ್ ಅಂಗಡಿಗಳಲ್ಲಿ ದಿನಾ ಕೇಳುವ ಮಾತು: ‘ಹಾಕ್ಕೊಂಡ್ ನೋಡಿ ಸಾರ್, ಫಿಟ್ ಆಗುತ್ತೆ.’ ಗಿರಾಕಿ ಹಾಕಿಕೊಳ್ಳುತ್ತಾನೆ, ಕನ್ನಡಿ ನೋಡುತ್ತಾನೆ, ತಲೆ ಒಳಗೆ ಹೋಯಿತಲ್ಲ ಅಂತ ದುಡ್ಡು ಕೊಟ್ಟು ಬರುತ್ತಾನೆ. ತಲೆ ಒಳಗೆ ಹೋದರೆ ಫಿಟ್ ಆಯಿತು ಅಂತಲ್ಲ. ಕನ್ನಡದಲ್ಲಿ ಇದಕ್ಕೆ ಇನ್ನೂ ಚೆನ್ನಾದ ಮಾತಿದೆ: ಕೂರುವುದು. ಉಂಗುರ ಬೆರಳಿಗೆ ಕೂರುತ್ತದೆ, ಬಾಗಿಲು ಚೌಕಟ್ಟಿಗೆ ಕೂರುತ್ತದೆ. ಹೆಲ್ಮೆಟ್ಟೂ ಹಾಗೇ ತಲೆಗೆ ಕೂರಬೇಕು.

ಮಾಡ್ಯುಲರ್ ಅಂದರೆ ಮುಂಭಾಗ ಎತ್ತಬಹುದಾದ ಹೆಲ್ಮೆಟ್. ಅಂಗಡಿಯವರು ಫ್ಲಿಪ್ ಅಪ್ ಅನ್ನುತ್ತಾರೆ. ಮುಚ್ಚಿದಾಗ ಫುಲ್ ಫೇಸ್, ಅಂದರೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಬದಿಯ ಕೀಲುಗಳ ಮೇಲೆ ಚಿನ್ ಬಾರ್, ಅಂದರೆ ಗದ್ದದ ಮುಂದಿನ ಗಟ್ಟಿ ಭಾಗ, ಎತ್ತಿದರೆ ಮುಖ ಪೂರ್ತಿ ಹೊರಗೆ. ನಮ್ಮ ಬೆಳಗಾವಿಯ ವೇಗಾ ಕಂಪನಿಯೂ ಈ ಥರದ್ದನ್ನು ಮಾಡುತ್ತದೆ. ಕೀಲು, ಲಾಕು, ಬಿಸಿಲಿಗೆ ಇಳಿಸಿಕೊಳ್ಳುವ ಒಳಗಿನ ಕಪ್ಪು ಗಾಜು ಎಲ್ಲ ಸೇರಿ ತೂಕ ಸಾಮಾನ್ಯವಾಗಿ ಒಂದೂವರೆ ಕಿಲೋ ದಾಟುತ್ತದೆ. ಇಷ್ಟು ಭಾರ ತಲೆಯ ಮೇಲೆ ಸರಿಯಾಗಿ ಕೂರದಿದ್ದರೆ ಕತ್ತಿಗೆ ಬೇಗ ಗೊತ್ತಾಗುತ್ತದೆ.

ನನ್ನ ಮೊದಲ ಮಾಡ್ಯುಲರ್ ತಂದಾಗ ಕೆನ್ನೆ ಹತ್ತಿರ ಆರಾಮಾಗಿತ್ತು, ಹಣೆ ಹತ್ತಿರ ‘ಸ್ವಲ್ಪ ಬಿಗಿ’. ಹೊಸದಲ್ವಾ, ಸರಿಹೋಗುತ್ತೆ ಅಂದುಕೊಂಡೆ. ಮುಂದಿನ ಭಾನುವಾರ ಹಾಸನದ ಕಡೆ ಹೊರಟೆ. ಕುಣಿಗಲ್ ಬರುವಷ್ಟರಲ್ಲಿ ಹಣೆಯ ಮಧ್ಯೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ. ಬೆಳ್ಳೂರು ಕ್ರಾಸ್‌ನಲ್ಲಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಟೀ ಕೊಡುತ್ತಿದ್ದ ಹುಡುಗ ನನ್ನ ಮುಖವನ್ನೇ ನೋಡಿದ. ‘ಏನ್ ಸಾರ್, ಕೆಂಪು ವಿಭೂತಿ?’ ಕನ್ನಡಿಯಲ್ಲಿ ನೋಡಿಕೊಂಡರೆ ನಿಜ. ಹಣೆಗೆ ಅಡ್ಡಲಾಗಿ ಎರಡು ಬೆರಳಗಲದ ಕೆಂಪು ಪಟ್ಟೆ.

ಆವತ್ತು ಅರ್ಥವಾಗಿದ್ದು ಇಷ್ಟು: ಬಿಗಿ ಬೇರೆ, ಒತ್ತು ಬೇರೆ. ಬಿಗಿ ಅಂದರೆ ಸುತ್ತಲೂ ಒಂದೇ ಸಮ ಹಿಡಿದಿರುವುದು. ಅದು ಬೇಕು. ಒತ್ತು ಅಂದರೆ ಒಂದೇ ಜಾಗದಲ್ಲಿ ಭಾರ ಬೀಳುವುದು. ಅದು ಬೇಡ, ಮತ್ತು ಅದು ಸುಮ್ನೆ ಸರಿಹೋಗುವುದೂ ಇಲ್ಲ. ಹೆಲ್ಮೆಟ್ ಒಳಗೆ ಎರಡು ಪದರ ಇರುತ್ತದೆ. ಚರ್ಮಕ್ಕೆ ತಾಗುವುದು ಬಟ್ಟೆ ಸುತ್ತಿದ ಮೆತ್ತನೆ ಸ್ಪಂಜು. ಅದರ ಹಿಂದೆ ಗಟ್ಟಿ ಥರ್ಮಾಕೋಲ್. ಸ್ಪಂಜು ದಿನ ಕಳೆದಂತೆ ಸ್ವಲ್ಪ ಅಮುಕಿಕೊಳ್ಳುತ್ತದೆ. ಥರ್ಮಾಕೋಲ್ ನಿಮ್ಮ ತಲೆಗೋಸ್ಕರ ಬಗ್ಗುವುದಿಲ್ಲ. ಅದು ಪುಡಿಯಾಗಬೇಕಾದ್ದು ಬಿದ್ದಾಗ, ಆ ಪೆಟ್ಟನ್ನು ತಾನು ತಿನ್ನುವುದಕ್ಕೆ. ಹಾಗಾಗಿ ಕೆನ್ನೆಯ ಬಿಗಿ ತಿಂಗಳಲ್ಲಿ ಹದಕ್ಕೆ ಬರುತ್ತದೆ, ಹಣೆಯ ಒತ್ತು ಉಳಿದೇ ಉಳಿಯುತ್ತದೆ.

ಸೈಜು ಸರಿ ಇದ್ದೂ ಒತ್ತುವುದು ಯಾಕೆ? ತಲೆಯ ಆಕಾರದಿಂದ. ಮೇಲಿಂದ ನೋಡಿದರೆ ಕೆಲವರ ತಲೆ ಹೆಚ್ಚುಕಡಿಮೆ ದುಂಡಗೆ, ಕೆಲವರದು ಹಿಂದೆ ಮುಂದೆ ಉದ್ದ, ಹೆಚ್ಚಿನವರದು ನಡುವಿನದು. ಉದ್ದ ತಲೆಗೆ ದುಂಡನೆ ಹೆಲ್ಮೆಟ್ ಹಾಕಿದರೆ ಹಣೆ ಒತ್ತುತ್ತದೆ, ಕಿವಿಯ ಮೇಲ್ಗಡೆ ಖಾಲಿ ಇರುತ್ತದೆ. ದುಂಡು ತಲೆಗೆ ಉದ್ದನೆಯದು ಹಾಕಿದರೆ ಕಣತಲೆ ಹಿಂಡುತ್ತದೆ, ಹಣೆ ಹತ್ತಿರ ಜಾಗ ಉಳಿಯುತ್ತದೆ. ನನ್ನದು ಉದ್ದ ತಲೆ. ಅದೇ ಹೆಲ್ಮೆಟ್ ತಮ್ಮನಿಗೆ ಕೊಟ್ಟೆ. ‘ಇದ್ರಲ್ಲಿ ಏನಣ್ಣ ತೊಂದ್ರೆ?’ ಅಂತ ಈಗಲೂ ಕೇಳುತ್ತಾನೆ. ಇಂಥ ಕಡೆ ಒಂದು ಸೈಜು ದೊಡ್ಡದು ತಂದರೆ ಹಣೆಗೆ ಸುಖ, ಆದರೆ ಉಳಿದ ಕಡೆಯೆಲ್ಲ ಸಡಿಲ. ಬೇರೆ ಮಾಡೆಲ್ ನೋಡುವುದೇ ದಾರಿ.

ಸೈಜು ತಿಳಿಯುವುದು ಸುಲಭ. ದರ್ಜಿಯ ಟೇಪು ತಗೊಂಡು ಹುಬ್ಬಿನಿಂದ ಸುಮಾರು 2 ಸೆಂ.ಮೀ. ಮೇಲೆ, ಕಿವಿಗಳ ಮೇಲ್ಗಡೆಯಿಂದ, ಹಿಂದಲೆ ಉಬ್ಬಿದ ಜಾಗ ಸುತ್ತಿ ಅಳೆಯಿರಿ. 58 ಸೆಂ.ಮೀ. ಬಂದರೆ ನಮ್ಮಲ್ಲಿ ಸ್ಟಿಕ್ಕರಿನ ಮೇಲೆ 580 ಅಂತ ಇರುತ್ತದೆ, ಸಾಮಾನ್ಯವಾಗಿ ಅದು ಮೀಡಿಯಂ. 600 ಲಾರ್ಜ್. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೇ ಆನ್‌ಲೈನ್‌ನಲ್ಲಿ ಕಣ್ಣು ಮುಚ್ಚಿ ತರಿಸಬೇಡಿ. ತುರುಬು ಕಟ್ಟಿಕೊಂಡು ಅಳೆದರೆ ಲೆಕ್ಕ ತಪ್ಪುತ್ತದೆ. ಗಾಡಿ ಓಡಿಸುವಾಗ ಕೂದಲು ಹೇಗಿರುತ್ತದೋ ಹಾಗೇ ಇರಲಿ, ಜಡೆ ಕತ್ತಿನ ಕಡೆಗೆ.

ಇನ್ನು ಮಾಡ್ಯುಲರ್‌ಗೇ ಸೇರಿದ ವಿಷಯ. ಅಂಗಡಿಯಲ್ಲಿ ಎಲ್ಲರೂ ಚಿನ್ ಬಾರ್ ಎತ್ತಿಕೊಂಡೇ ಹಾಕುತ್ತಾರೆ, ಎತ್ತಿಕೊಂಡೇ ಕನ್ನಡಿ ನೋಡುತ್ತಾರೆ, ‘ಆರಾಮಾಗಿದೆ’ ಅನ್ನುತ್ತಾರೆ. ಎತ್ತಿದಾಗ ಅದು ಅರ್ಧ ಹೆಲ್ಮೆಟ್ ಅಷ್ಟೇ. ಮುಚ್ಚಿ. ಎರಡೂ ಬದಿಯ ಲಾಕು ಟಕ್ ಅಂತ ಬಿದ್ದಿತಾ? ಕೈಯಲ್ಲಿ ಮೇಲಕ್ಕೆಳೆದು ನೋಡಿ, ಒಂದೇ ಬದಿ ಬಿದ್ದಿದ್ದರೆ ಆಗಲೇ ಗೊತ್ತಾಗುತ್ತದೆ. ಗದ್ದಕ್ಕೂ ಚಿನ್ ಬಾರಿಗೂ ನಡುವೆ ಒಂದು ಬೆರಳಿನಷ್ಟಾದರೂ ಜಾಗ ಇರಲಿ. ಗಡ್ಡ ಬಿಟ್ಟವರು ಮುಚ್ಚುವಾಗ ನಿಧಾನ, ಕೂದಲು ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ. ಒಳಗಿನ ಕಪ್ಪು ಗಾಜು ಇಳಿಸಿ, ಮೂಗಿಗೆ ತಾಗುತ್ತದಾ ನೋಡಿ.

ಕನ್ನಡಕದವರಿಗೆ ಈ ಹೆಲ್ಮೆಟ್ ವರದಾನ. ಕನ್ನಡಕ ತೆಗೆಯದೆ ಹಾಕಿಕೊಳ್ಳಬಹುದು. ಆದರೆ ಅದರ ಕಡ್ಡಿಗಳು ಕಣತಲೆಗೆ ಒತ್ತುತ್ತವಾ ಅನ್ನುವುದು ಐದು ನಿಮಿಷದಲ್ಲಿ ತಿಳಿಯುವುದಿಲ್ಲ.

ಕೂತಿದೆಯಾ ಅಂತ ನೋಡುವುದು ಹೀಗೆ. ಮುಚ್ಚಿದ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಕೆನ್ನೆ, ಹಣೆಯ ಚರ್ಮ ಅದರ ಜೊತೆಗೇ ಎಳೆದುಕೊಂಡು ಬರಬೇಕು. ಹೆಲ್ಮೆಟ್ ಮಾತ್ರ ತಿರುಗಿ ಮುಖ ಅಲ್ಲೇ ಉಳಿದರೆ ದೊಡ್ಡದಾಯಿತು. ಬಾಯಿ ಮುಚ್ಚಿಕೊಂಡಾಗ ಕೆನ್ನೆ ಲಾಡು ತುಂಬಿಕೊಂಡಂತೆ ಉಬ್ಬಿದ್ದರೆ ಹೆದರಬೇಡಿ, ಹೊಸದರಲ್ಲಿ ಹಾಗೇ ಇರುತ್ತದೆ. ಆಮೇಲೆ ಸ್ಟ್ರಾಪ್ ಹಾಕಿ, ಗದ್ದದ ಕೆಳಗೆ ಒಂದೆರಡು ಬೆರಳು ತೂರುವಷ್ಟು. ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಲು ಬೇರೆ ಯಾರಿಗಾದರೂ ಹೇಳಿ. ಕಳಚಿ ಬಂದರೆ ಆ ಹೆಲ್ಮೆಟ್ ಅಲ್ಲೇ ಬಿಡಿ, ಐಎಸ್‌ಐ ಗುರುತು ಇದ್ದರೂ ಸರಿ. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್‌ಗೆ ಆ ಗುರುತು ಕಡ್ಡಾಯ. ಆದರೆ ಅದು ಹೇಳುವುದು ಹೆಲ್ಮೆಟ್ ಗಟ್ಟಿ ಇದೆ ಅಂತ, ನಿಮ್ಮ ತಲೆಗೆ ಕೂತಿದೆ ಅಂತ ಅಲ್ಲ.

ಯುರೋಪಿನ ಸುರಕ್ಷತಾ ಗುರುತಾದ ಇಸಿಇ ಇರುವ ಹೆಲ್ಮೆಟ್ ಆಗಿದ್ದರೆ ಸ್ಟ್ರಾಪಿಗೆ ಹೊಲಿದ ಚೀಟಿಯ ಮೇಲೆ ‘ಪಿ/ಜೆ’ ಅಂತ ಇದೆಯಾ ಹುಡುಕಿ. ಮುಚ್ಚಿಯೂ, ಎತ್ತಿಯೂ ಪರೀಕ್ಷೆ ಪಾಸಾಗಿದೆ ಅಂತ ಅದರರ್ಥ. ಬರೀ ‘ಪಿ’ ಇದ್ದರೆ ಓಡಿಸುವಾಗ ಮುಚ್ಚಿಕೊಂಡೇ ಇರಿ.

ಮುಖ್ಯವಾದ ಪರೀಕ್ಷೆಗೆ ಬೇಕಾದ್ದು ಟೈಮು ಮಾತ್ರ. ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಹಾಕಿಕೊಂಡು ಕೂರಿ, ತೆಗೆದು ಹಣೆ ನೋಡಿಕೊಳ್ಳಿ. ಎರಡನೇ ಸಲ ನಾನು ಹಾಗೇ ಮಾಡಿದೆ. ಅಂಗಡಿಯವರು ಮೊದಲು ಒಂದು ಥರಾ ನೋಡಿದರು, ಆಮೇಲೆ ಅವರೇ ಟೀ ತರಿಸಿದರು. ಹೆಲ್ಮೆಟ್ ತೆಗೆಯಲಿಲ್ಲ. ಚಿನ್ ಬಾರ್ ಎತ್ತಿ, ಕುಡಿದು, ಮತ್ತೆ ಮುಚ್ಚಿಕೊಂಡು ಕೂತೆ.